ನಮ್ಮ ಕ್ಲಬ್ ಕೊಳ್ಳಲು ಹೊರಟಿರುವ ಪ್ರಕಾಶಕರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ಈ ಪತ್ರದಲ್ಲಿ ನಿಮ್ಮ ಹೆಸರು ಬರೆದಿಲ್ಲ. ಕ್ಲಬ್ಬಿನ ಹೆಸರೂ ಬರೆದಿಲ್ಲ. ಶಿವಮೊಗ್ಗದಲ್ಲಿ ಚೆಂಡು ಒದ್ದವರಿಗೆ, ಪುಸ್ತಕ ಕೊಂಡವರಿಗೆ ಎರಡೂ ಗೊತ್ತು. ಉಳಿದವರಿಗೆ ವಿಷಯ ಗೊತ್ತಾದರೆ ಸಾಕು.

ನಿಮ್ಮ ಮೊದಲ ಪುಸ್ತಕದ ಕರಡು ತಿದ್ದಿದವನು ನಾನು. ನೆನಪಿದೆಯಾ? ದುರ್ಗಿಗುಡಿಯ ಹಿಂದಿನ ಓಣಿಯಲ್ಲಿ ಟ್ರೆಡಲ್ ಮೆಷಿನ್ ಇದ್ದ ಸಣ್ಣ ಪ್ರೆಸ್ಸು. 1988ರ ಮಳೆಗಾಲ. ಹತ್ತನೇ ತರಗತಿಯ ಗಣಿತದ ಗೈಡು. ಮಳೆಯ ತಂಡಿಗೆ ಕಾಗದ ಮೆತ್ತಗಾಗಿ ಶಾಯಿ ಹರಡುತ್ತಿತ್ತು. ನೀವು ಒದ್ದೆ ಫಾರಂಗಳನ್ನು ಒಂದೊಂದಾಗಿ ಹಗ್ಗದ ಮೇಲೆ ಒಣಗಲು ಹಾಕುತ್ತಿದ್ದಿರಿ, ಮನೆಯಲ್ಲಿ ಬಟ್ಟೆ ಹಾಕುವ ಥರ. ಸಾವಿರ ಪ್ರತಿ ಮಾಡಿಸಿದ್ದಿರಿ. ಸೈಕಲ್ಲಿನ ಕ್ಯಾರಿಯರ್‌ಗೆ ಕಟ್ಟಿಕೊಂಡು ಊರಿನ ಶಾಲೆಗಳಿಗೆ, ಬಸ್ಸಿನ ಟಾಪ್ ಮೇಲೆ ಹಾಕಿಕೊಂಡು ತೀರ್ಥಹಳ್ಳಿ, ಹೊಸನಗರ, ಸಾಗರಕ್ಕೆ ನೀವೇ ಹೋಗಿ ಮಾರಿದಿರಿ. ಮೊದಲ ದುಡ್ಡು ಬಂದ ದಿನ ಅಚ್ಚುಮೊಳೆ ಜೋಡಿಸುವವರ ಬಾಕಿ ಮೊದಲು ತೀರಿಸಿದಿರಿ. ನಿಮ್ಮ ಜೇಬಿಗೆ ಏನು ಉಳಿಯಿತೋ ನಾನು ಕೇಳಲಿಲ್ಲ. ಜಾಸ್ತಿ ಉಳಿದಿರಲಿಕ್ಕಿಲ್ಲ.

ಹಗಲು ಅಲ್ಲಿ ಕರಡು ತಿದ್ದುತ್ತಿದ್ದೆ, ಸಂಜೆ ಈ ಕ್ಲಬ್ಬಿನ ಗೋಲಿನಲ್ಲಿ ನಿಲ್ಲುತ್ತಿದ್ದೆ. ಈಗ ಬೆಳಿಗ್ಗೆ ಹೊತ್ತು ಮಕ್ಕಳಿಗೆ ಕಲಿಸುತ್ತೇನೆ. ಹಾಗಾಗಿ ನಿಮ್ಮ ಮೇಲೂ ಕ್ಲಬ್ಬಿನ ಮೇಲೂ ನನಗೆ ಒಂದೇ ಥರದ ಸಲಿಗೆ. ಆ ಸಲಿಗೆಯಿಂದಲೇ ಬರೆಯುತ್ತಿದ್ದೇನೆ.

ನೀವು ಕಳಿಸಿದ ಒಪ್ಪಂದದ ಕರಡನ್ನು ಕಮಿಟಿಯವರು ನೋಟಿಸ್ ಬೋರ್ಡಿಗೆ ಹಾಕಿದ್ದಾರೆ. ಅಭ್ಯಾಸಬಲ, ಕೈಯಲ್ಲಿ ಪೆನ್ನು ಹಿಡಿದೇ ಓದಿದೆ. ಕ್ಲಬ್ಬನ್ನು ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡುವುದು, ಅದರ ಹೆಚ್ಚಿನ ಷೇರು ನಿಮ್ಮ ಬಳಿ ಇರುವುದು. ಕ್ಲಬ್ಬಿನ ಹೆಸರಿನ ಜಾಗಕ್ಕೆ ನಿಮ್ಮ ಪ್ರಕಾಶನದ ಹೆಸರು ಬರುವುದು. ಮುಂದೆ ಭದ್ರಾವತಿಯ ತಂಡದ ಜೊತೆ ನಮ್ಮನ್ನು ಸೇರಿಸಿ ಮಲೆನಾಡಿಗೇ ಒಂದು ತಂಡ ಕಟ್ಟುವುದು, ನಡುವೆ ಮಾಚೇನಹಳ್ಳಿ ಕಡೆ ಎಲ್ಲಾದರೂ ಹೊಸ ಸ್ಟೇಡಿಯಂ ಮಾಡುವುದು. ಈಗಿನ ಮೈದಾನದ ಗುತ್ತಿಗೆಯನ್ನು ಆ ಕಂಪನಿಗೆ ಬರೆದುಕೊಡುವುದು. ಇದಕ್ಕೆ ಬದಲಾಗಿ ನೀವು ಹಾಕುವ ಹಣ ನಾವು ಯಾರೂ ಕನಸಲ್ಲೂ ಎಣಿಸಿಲ್ಲದಷ್ಟು.

ಹಣ ಬೇಡ ಎಂದು ನಾನು ಹೇಳುವುದಿಲ್ಲ. ನಮ್ಮ ಸ್ಥಿತಿ ನಿಮಗೆ ಗೊತ್ತು. ಜೂನ್ ಬಂದರೆ ಮೈದಾನದ ಅರ್ಧ ಭಾಗ ಕೆರೆ. ಹುಡುಗಿಯರ ತಂಡ ಶುರುವಾಗಿ ನಾಲ್ಕು ವರ್ಷ ಆಯಿತು, ಅವರಿಗೆ ಬಟ್ಟೆ ಬದಲಿಸಲು ಒಂದು ಕೋಣೆ ಇಲ್ಲ. ಮೊಣಕಾಲಿನ ಕೆಳಗೆ ಪೆಟ್ಟು ಬೀಳದ ಹಾಗೆ ಹಾಕುವ ಶಿನ್ ಗಾರ್ಡ್ ಸಾಲದೆ ಮಕ್ಕಳು ಅಡಿಕೆ ಹಾಳೆ ಕತ್ತರಿಸಿ ಸಾಕ್ಸಿನೊಳಗೆ ತೂರಿಸಿಕೊಂಡು ಆಡುತ್ತಾರೆ. ಒಂದು ಆಟಕ್ಕೆ ಅದು ತಡೆಯುತ್ತದೆ, ಎರಡನೇ ಆಟಕ್ಕೆ ಸೀಳುತ್ತದೆ. ಬೆಂಗಳೂರು ಎಫ್‌ಸಿ 2013ರಲ್ಲಿ ಹುಟ್ಟಿ ಮೊದಲ ಸೀಸನ್ನಿನಲ್ಲೇ, ಆಗ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು. ಹಿಂದೆ ದುಡ್ಡಿರುವ ಕಂಪನಿ ನಿಂತು, ವೃತ್ತಿಪರವಾಗಿ ನಡೆಸಿದರೆ ಏನಾಗುತ್ತದೆ ಎಂದು ನಾವೇ ಕಣ್ಣಾರೆ ನೋಡಿದ್ದೇವೆ. ಆದ್ದರಿಂದ ನಿಮ್ಮ ದುಡ್ಡಿಗೆ ನನ್ನ ವಿರೋಧ ಇಲ್ಲ. ಕರಡಿನಲ್ಲಿ ಬಿಟ್ಟುಹೋಗಿರುವುದರ ಬಗ್ಗೆ ಮಾತ್ರ ನನಗೆ ಚಿಂತೆ.

ಅದಕ್ಕೆ ಮೊದಲು ಒಂದು ಕಥೆ ಹೇಳಬೇಕು. ನಿಮ್ಮ ಹಾಗೆಯೇ ಏನೂ ಇಲ್ಲದೆ ಶುರು ಮಾಡಿ ಪ್ರಕಾಶನದಿಂದ ಮೇಲೆ ಬಂದು ಫುಟ್‌ಬಾಲ್ ಕ್ಲಬ್ಬಿನ ಒಡೆಯರಾದ ಒಬ್ಬರ ಕಥೆ. ರಾಬರ್ಟ್ ಮ್ಯಾಕ್ಸ್‌ವೆಲ್ ಅಂತ. ನಿಮ್ಮನ್ನು ಅವರ ಜೊತೆ ಹೋಲಿಸುತ್ತಿದ್ದೇನೆ ಎಂದು ದಯವಿಟ್ಟು ತಿಳಿಯಬೇಡಿ. ಅವರು ಮಾಡಿದ ಮೋಸ ನೀವು ಮಾಡುವವರಲ್ಲ, ಅದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಆದರೆ ಮೋಸ ಹೊರಗೆ ಬರುವ ಮೊದಲೇ, ಒಳ್ಳೆಯ ದಿನಗಳಲ್ಲೇ ಆ ಕ್ಲಬ್ಬಿಗೆ ಆದದ್ದು ನಮಗೆ ಪಾಠ.

ಮ್ಯಾಕ್ಸ್‌ವೆಲ್ ಹುಟ್ಟಿದ್ದು 1923ರಲ್ಲಿ, ಆಗಿನ ಚೆಕೊಸ್ಲೊವಾಕಿಯಾದ ಒಂದು ಮೂಲೆಯ ಊರಿನಲ್ಲಿ. ಬಡ ಯಹೂದಿ ಕುಟುಂಬ. ಮನೆಯವರಲ್ಲಿ ಬಹಳ ಜನ ನಾಜಿಗಳ ಕೈಯಲ್ಲಿ ಸತ್ತರು. ಇವರು ಹುಡುಗನಾಗಿದ್ದಾಗಲೇ ತಪ್ಪಿಸಿಕೊಂಡು 1940ರಲ್ಲಿ ಬ್ರಿಟನ್ ಸೇರಿದರು, ಸೈನ್ಯಕ್ಕೆ ಸೇರಿ ಶೌರ್ಯ ಪದಕ ಪಡೆದರು. ಯುದ್ಧ ಮುಗಿದ ಮೇಲೆ ವಿಜ್ಞಾನದ ಪುಸ್ತಕ, ವಿಜ್ಞಾನದ ಪತ್ರಿಕೆ ಪ್ರಕಟಿಸುವ ಒಂದು ಸಣ್ಣ ಸಂಸ್ಥೆ ಅವರ ಕೈಗೆ ಬಂತು. 1951ರಲ್ಲಿ ಅದಕ್ಕೆ ಪರ್ಗಮಾನ್ ಪ್ರೆಸ್ ಎಂದು ಹೆಸರಾಯಿತು.

ಆ ವ್ಯಾಪಾರದ ಗುಟ್ಟು ನಿಮಗೆ ಒಂದೇ ಮಾತಿಗೆ ಅರ್ಥವಾಗುತ್ತದೆ. ವಿಜ್ಞಾನಿಗಳು ಲೇಖನಕ್ಕೆ ದುಡ್ಡು ಕೇಳುವುದಿಲ್ಲ. ವಿಶ್ವವಿದ್ಯಾಲಯದ ಲೈಬ್ರರಿಗಳು ವರ್ಷದ ಚಂದಾ ಮುಂಗಡವಾಗಿಯೇ ಕಟ್ಟುತ್ತವೆ. ಹಣ ಮೊದಲು, ಮುದ್ರಣ ಆಮೇಲೆ. ನಮ್ಮಲ್ಲಿ ಅದು ತಿರುಗುಮುರುಗು ಅಲ್ವಾ? ಮೊದಲು ಸಾವಿರ ಪ್ರತಿ ಅಚ್ಚು ಹಾಕಿಸಿ, ಲೈಬ್ರರಿಯ ಸಗಟು ಖರೀದಿ ಯಾವಾಗ ಆಗುತ್ತದೋ, ಆದರೂ ದುಡ್ಡು ಯಾವಾಗ ಬರುತ್ತದೋ ಎಂದು ಕಾಯಬೇಕು. ಆ ಕಾಯುವಿಕೆಯಲ್ಲಿ ಎಷ್ಟು ಕನ್ನಡ ಪ್ರಕಾಶಕರು ಮನೆ ಮಾರಿದರು ಎಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆ ದಾರಿಯಲ್ಲಿ ಬಂದೂ ನೀವು ನಿಂತಿದ್ದೀರಿ. ಅದಕ್ಕೇ ನಿಮ್ಮ ಮೇಲೆ ಮ್ಯಾಕ್ಸ್‌ವೆಲ್‌ಗಿಂತ ಜಾಸ್ತಿ ಗೌರವ ನನಗೆ.

ಅವರ ಕಂಪನಿ ಇದ್ದದ್ದು, ಮನೆ ಇದ್ದದ್ದು ಆಕ್ಸ್‌ಫರ್ಡ್ ಊರಿನ ಹೆಡಿಂಗ್ಟನ್ ಎಂಬ ಭಾಗದಲ್ಲಿ. ಅಲ್ಲೇ ಹತ್ತಿರ ಮ್ಯಾನರ್ ಗ್ರೌಂಡ್, ಆಕ್ಸ್‌ಫರ್ಡ್ ಯುನೈಟೆಡ್ ಕ್ಲಬ್ಬಿನ ಮೈದಾನ. ಇಳಿಜಾರಿನ ಮೈದಾನವಂತೆ ಅದು. ಇದನ್ನು ಓದಿದಾಗ ನನಗೆ ನಮ್ಮ ಕೊಪ್ಪ, ತೀರ್ಥಹಳ್ಳಿ ಕಡೆಯ ಶಾಲೆಗಳ ಮೈದಾನ ಕಣ್ಣ ಮುಂದೆ ಬಂತು. ಒಂದು ಹಾಫ್ ಗುಡ್ಡ ಹತ್ತಿ ಆಡಬೇಕು, ಇನ್ನೊಂದು ಹಾಫ್ ಇಳಿದು. ಆ ಕ್ಲಬ್ ಹುಟ್ಟಿದ್ದು 1893ರಲ್ಲಿ. 1962ರಲ್ಲಿ ಅಕ್ರಿಂಗ್ಟನ್ ಸ್ಟಾನ್ಲಿ ಎಂಬ ಕ್ಲಬ್ ಮುಳುಗಿ ಹೋದಾಗ ತೆರವಾದ ಜಾಗದಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಲೀಗ್ ಸೇರಿತ್ತು. ಇಪ್ಪತ್ತು ವರ್ಷ ಆಗುವಷ್ಟರಲ್ಲಿ ತಾನೂ ಬ್ಯಾಂಕಿನ ಸಾಲದಲ್ಲಿ ಮುಳುಗುವ ಹಂತಕ್ಕೆ ಬಂದಿತ್ತು. 1982ರ ಜನವರಿಯಲ್ಲಿ ಮ್ಯಾಕ್ಸ್‌ವೆಲ್ ಬಂದು ಉಳಿಸಿದರು. ಇದು ಸುಳ್ಳಲ್ಲ. ಅವರು ಬರದಿದ್ದರೆ ಕ್ಲಬ್ ಇರುತ್ತಿತ್ತೋ ಇಲ್ಲವೋ.

ಒಂದೂಕಾಲು ವರ್ಷ ಕಳೆಯಿತು. 1983ರ ಏಪ್ರಿಲ್‌ನಲ್ಲಿ ಅವರು ಒಂದು ಘೋಷಣೆ ಮಾಡಿದರು. ಆಕ್ಸ್‌ಫರ್ಡ್ ಯುನೈಟೆಡ್ ಅನ್ನು ನಲವತ್ತು ಕಿಲೋಮೀಟರ್ ದೂರದ ರೆಡಿಂಗ್ ಕ್ಲಬ್ಬಿನ ಜೊತೆ ಸೇರಿಸುವುದು. ಹೊಸ ತಂಡಕ್ಕೆ ಥೇಮ್ಸ್ ವ್ಯಾಲಿ ರಾಯಲ್ಸ್ ಎಂದು ಹೆಸರು. ಎರಡೂ ಊರಿನ ನಡುವೆ ಡಿಡ್ಕಾಟ್ ಕಡೆ ಎಲ್ಲಾದರೂ ಹೊಸ ಸ್ಟೇಡಿಯಂ. ನಿಮ್ಮ ಕರಡಿನ ಮೂರನೇ ಪುಟ ಓದಿದಾಗ ನನ್ನ ಎದೆ ಯಾಕೆ ಧಸಕ್ಕೆಂದಿತು ಎಂದು ಈಗ ಗೊತ್ತಾಯಿತಲ್ಲ.

ಲೆಕ್ಕದ ಪ್ರಕಾರ ಅವರ ಮಾತು ತಪ್ಪಾಗಿರಲಿಲ್ಲ. ಎರಡು ಬಡ ಕ್ಲಬ್ಬಿಗಿಂತ ಒಂದು ಗಟ್ಟಿ ಕ್ಲಬ್ ಮೇಲು ಅಂತ. ಆದರೆ ಯಾರನ್ನೂ ಕೇಳಿರಲಿಲ್ಲ. ಮುಂದಿನ ವಾರವೇ ವಿಗನ್ ತಂಡದ ವಿರುದ್ಧ ಮ್ಯಾನರ್ ಗ್ರೌಂಡಿನಲ್ಲಿ ಆಟ ಇತ್ತು. ಆಕ್ಸ್‌ಫರ್ಡ್ ಜನ ಗ್ಯಾಲರಿಯಿಂದ ಇಳಿದು ಮೈದಾನದ ನಡುವೆ ಕೂತುಬಿಟ್ಟರು. ಆಟ ಹೊತ್ತಿಗೆ ಸರಿಯಾಗಿ ಶುರುವಾಗಲಿಲ್ಲ. ಅತ್ತ ರೆಡಿಂಗ್‌ನಲ್ಲಿ, ಹಿಂದೆ ಆ ತಂಡಕ್ಕೇ ಆಡಿದ್ದ ರೋಜರ್ ಸ್ಮೀ ಎಂಬವರು ಷೇರು ಕೈಬದಲಾದ ರೀತಿಯನ್ನೇ ಪ್ರಶ್ನಿಸಿ ಕೋರ್ಟಿನಿಂದ ತಡೆ ತಂದರು. ಕೊನೆಗೆ ರೆಡಿಂಗ್ ಕ್ಲಬ್ ಸ್ಮೀ ಅವರ ಕೈಗೆ ಬಂತು. ವಿಲೀನ ನಿಂತಿತು.

ಆಮೇಲೆ ಏನಾಯಿತು ನೋಡಿ. ವಿಲೀನವಾಗದೆ ಉಳಿದ ಅದೇ ಆಕ್ಸ್‌ಫರ್ಡ್ ತಂಡ 1984ರಲ್ಲಿ ಮೂರನೇ ಡಿವಿಷನ್ ಗೆದ್ದಿತು. 1985ರಲ್ಲಿ ಎರಡನೇ ಡಿವಿಷನ್ ಗೆದ್ದು ಎಲ್ಲಕ್ಕಿಂತ ಮೇಲಿನ ಮೊದಲ ಡಿವಿಷನ್‌ಗೆ ಹತ್ತಿತು. 1986ರ ಏಪ್ರಿಲ್ 20ರಂದು ವೆಂಬ್ಲಿಯಲ್ಲಿ ಕ್ವೀನ್ಸ್ ಪಾರ್ಕ್ ರೇಂಜರ್ಸ್ ತಂಡವನ್ನು 3-0ಯಿಂದ ಸೋಲಿಸಿ ಲೀಗ್ ಕಪ್ ಎತ್ತಿತು. ಹಣ ಮ್ಯಾಕ್ಸ್‌ವೆಲ್ ಅವರದು, ನಿಜ. ಆದರೆ ಮೈದಾನದಲ್ಲಿ ಕೂತ ಜನ ಇಲ್ಲದಿದ್ದರೆ ಆ ಕಪ್ಪಿನ ಮೇಲೆ ಆಕ್ಸ್‌ಫರ್ಡ್ ಎಂಬ ಹೆಸರು ಇರುತ್ತಲೇ ಇರಲಿಲ್ಲ.

ಆ ದಿನದ ಒಂದು ಸಂಗತಿ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಪದಕ ಕೊಡುವ ಹೊತ್ತಿಗೆ ಮ್ಯಾನೇಜರ್ ಮಾರಿಸ್ ಇವಾನ್ಸ್ ತಾನು ಮೆಟ್ಟಿಲು ಹತ್ತಲಿಲ್ಲ. ತನ್ನ ಪಾಲಿನ ಪದಕ ತಗೊಳ್ಳಲು ಕೆನ್ ಫಿಶ್ ಅವರನ್ನು ಕಳಿಸಿದರು. ಕ್ಲಬ್ಬಿನ ಹಳೇ ಟ್ರೇನರ್. ಆಟಗಾರರ ಕಾಲು ಉಜ್ಜಿ, ಪಟ್ಟಿ ಕಟ್ಟಿ ವರ್ಷಗಳನ್ನು ಕಳೆದವರು. ಆಗ ಅವರಿಗೆ 72 ವಯಸ್ಸು.

ನಮ್ಮಲ್ಲೂ ಅಂಥ ಒಬ್ಬರಿದ್ದಾರೆ. ನಿಮಗೂ ಗೊತ್ತು, ಸುಣ್ಣದ ಅಜ್ಜ. ಬೆಳಿಗ್ಗೆ ಐದೂವರೆಗೆ ಬರುತ್ತಾರೆ. ಹಳೇ ಎಣ್ಣೆ ಡಬ್ಬದ ತಳಕ್ಕೆ ಮೊಳೆಯಲ್ಲಿ ತೂತು ಹೊಡೆದು, ಅದರಲ್ಲಿ ಸುಣ್ಣ ತುಂಬಿ, ಹಗ್ಗದ ಪಕ್ಕ ಬಗ್ಗಿ ನಡೆಯುತ್ತಾ ಗೆರೆ ಎಳೆಯುತ್ತಾರೆ. ಡಬ್ಬವನ್ನು ಅಲ್ಲಾಡಿಸುವುದು ಬಲಗೈ, ಎಡಗೈ ಬೆನ್ನ ಮೇಲೆ. ಮೂಲೆಯ ಬಾವುಟದ ಹತ್ತಿರ ಬಂದಾಗ ನಿಂತು, ಕಾಲುಗಂಟಿಗೆ ಹತ್ತಿದ ಉಂಬಳ ಕಿತ್ತು, ಆ ಜಾಗಕ್ಕೇ ಒಂದು ಚಿಟಿಕೆ ಸುಣ್ಣ ಒತ್ತಿ, ಮತ್ತೆ ನಡೆಯುತ್ತಾರೆ. ಮಳೆ ಬಂದು ಗೆರೆ ಅಳಿಸಿದರೆ ಹಾಫ್ ಟೈಮಿನಲ್ಲಿ ಮತ್ತೆ ಎಳೆಯುತ್ತಾರೆ. ಇದಕ್ಕೆ ಅವರು ಇವತ್ತಿನವರೆಗೆ ಒಂದು ರೂಪಾಯಿ ಕೇಳಿಲ್ಲ. ನಿಮ್ಮ ಒಪ್ಪಂದದಲ್ಲಿ ಕ್ಲಬ್ಬಿನ ಆಸ್ತಿಯ ಪಟ್ಟಿ ಇದೆ. ಗೋಲ್ ಪೋಸ್ಟ್ 4, ನೆಟ್ 3, ಬೆಂಚು 11. ಅಜ್ಜ ಆ ಪಟ್ಟಿಯಲ್ಲಿ ಬರುವುದಿಲ್ಲ, ಬರಲೂಬಾರದು. ಆದರೆ ಅವರು ಎಳೆದ ಗೆರೆ ಇಲ್ಲದೆ ನೀವು ಕೊಳ್ಳುತ್ತಿರುವುದು ಬರೀ ಹುಲ್ಲುಗಾವಲು.

ಆಕ್ಸ್‌ಫರ್ಡ್ ಕಥೆ ಇನ್ನೂ ಸ್ವಲ್ಪ ಇದೆ. ಮ್ಯಾಕ್ಸ್‌ವೆಲ್ 1984ರಲ್ಲಿ ಮಿರರ್ ಪತ್ರಿಕಾ ಬಳಗ ಕೊಂಡರು. ಅದೇ ವರ್ಷ ಡರ್ಬಿ ಕೌಂಟಿ ಕ್ಲಬ್ಬಿಗೂ ಕೈ ಹಾಕಿದರು. ಆಮೇಲೆ ಅಲ್ಲಿನ ಅಧ್ಯಕ್ಷರೂ ಆದರು, ಆಕ್ಸ್‌ಫರ್ಡ್‌ನ ಕುರ್ಚಿ ಮಗನಿಗೆ ಬಂತು. 1988ರ ಅಕ್ಟೋಬರ್‌ನಲ್ಲಿ ಆಕ್ಸ್‌ಫರ್ಡ್‌ನ ಒಳ್ಳೆಯ ಫಾರ್ವರ್ಡ್ ಡೀನ್ ಸಾಂಡರ್ಸ್ 10 ಲಕ್ಷ ಪೌಂಡಿಗೆ ಡರ್ಬಿಗೆ ಹೋದರು. ಮಾರಿದ್ದು ಮಗ, ಕೊಂಡದ್ದು ಅಪ್ಪ. ಇದು ಸರಿಯಲ್ಲ ಎಂದ ಮ್ಯಾನೇಜರ್ ಮಾರ್ಕ್ ಲಾರೆನ್ಸನ್ ಕೆಲಸ ಕಳೆದುಕೊಂಡರು. ಅಷ್ಟರಲ್ಲಿ ತಂಡ ಮೊದಲ ಡಿವಿಷನ್‌ನಲ್ಲಿ ಮೂರೇ ಸೀಸನ್ ಇದ್ದು ಕೆಳಗಿಳಿದಾಗಿತ್ತು.

1991ರ ನವೆಂಬರ್ 5ರಂದು ಮ್ಯಾಕ್ಸ್‌ವೆಲ್ ಕ್ಯಾನರಿ ದ್ವೀಪಗಳ ಹತ್ತಿರ ತಮ್ಮ ಹಡಗಿನಿಂದ ಸಮುದ್ರಕ್ಕೆ ಬಿದ್ದು ತೀರಿಕೊಂಡರು. ಆಮೇಲೆ ಗೊತ್ತಾಯಿತು, ನೌಕರರ ಪಿಂಚಣಿ ನಿಧಿಯಿಂದ 40 ಕೋಟಿ ಪೌಂಡಿಗೂ ಜಾಸ್ತಿ ಹಣ ಖಾಲಿ. ಅವರಿಗೆ ಕಂಪನಿ ನಡೆಸುವ ಯೋಗ್ಯತೆ ಇಲ್ಲ ಎಂಬರ್ಥದ ಮಾತನ್ನು ಸರ್ಕಾರದ ತನಿಖಾಧಿಕಾರಿಗಳು 1971ರಲ್ಲೇ ಬರೆದಿದ್ದರು. ಹನ್ನೊಂದು ವರ್ಷ ಆದ ಮೇಲೆ ಕ್ಲಬ್ ಅವರ ಕೈಗೆ ಹೋಯಿತು. ಮುಳುಗುತ್ತಿದ್ದವರಿಗೆ ಕೈ ಕೊಟ್ಟವರ ಹಳೆ ಕಾಗದ ನೋಡುವ ವ್ಯವಧಾನ ಎಲ್ಲಿರುತ್ತದೆ? ಅವರು ಸತ್ತ ಮೇಲೆ ಆಕ್ಸ್‌ಫರ್ಡ್ ಯುನೈಟೆಡ್ ವರ್ಷಾನುಗಟ್ಟಲೆ ಹಣದ ಕಷ್ಟದಲ್ಲಿ ನರಳಿತು. 2006ರಲ್ಲಿ, ಕಪ್ ಗೆದ್ದು ಸರಿಯಾಗಿ ಇಪ್ಪತ್ತು ವರ್ಷಕ್ಕೆ, ಲೀಗಿನಿಂದಲೇ ಹೊರಗೆ ಬಿತ್ತು. ಅದೇ ವರ್ಷ ಲೀಗಿಗೆ ಹತ್ತಿ ಬಂದ ಕ್ಲಬ್ ಯಾವುದು ಗೊತ್ತಾ? ಅಕ್ರಿಂಗ್ಟನ್ ಸ್ಟಾನ್ಲಿ. ಮುಳುಗಿದ ಮೇಲೆ ಆ ಊರಿನ ಜನ ಅದೇ ಹೆಸರಿನಲ್ಲಿ ಮತ್ತೆ ಕಟ್ಟಿದ್ದ ಕ್ಲಬ್. ಹೆಸರು ಉಳಿದಿದ್ದರಿಂದ ಜನ ಮತ್ತೆ ಸೇರಿದರು ಅನ್ನಿಸುತ್ತದೆ ನನಗೆ. ಆಕ್ಸ್‌ಫರ್ಡ್ ಕೂಡ 2010ರಲ್ಲಿ ಲೀಗಿಗೆ ವಾಪಸ್ ಬಂತು.

ಅಷ್ಟು ದೂರ ಯಾಕೆ, ನಮ್ಮ ದೇಶದಲ್ಲೇ 2019ರಲ್ಲಿ ದೆಹಲಿ ಡೈನಮೋಸ್ ಎಂಬ ತಂಡ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಯಿತು. ದೆಹಲಿಯಲ್ಲಿ ಐದು ವರ್ಷ ಕೂಗಿ ಕೂಗಿ ಗಂಟಲು ಹರಿದುಕೊಂಡವರನ್ನು ಯಾರು ಕೇಳಿದರು?

ಈಗ ನಿಮ್ಮ ಕಸುಬಿನ ಮಾತಿಗೆ ಬರುತ್ತೇನೆ. ಇದನ್ನು ಬೇರೆ ಯಾವ ಒಡೆಯರಿಗಾದರೂ ಹೇಳಿ ಅರ್ಥ ಮಾಡಿಸುವುದು ಕಷ್ಟ. ನೀವು ಪ್ರಕಾಶಕರು. 1957ರ ಕಾಪಿರೈಟ್ ಕಾಯ್ದೆಯ 57ನೇ ಕಲಂ ನಿಮಗೆ ಬಾಯಿಪಾಠ ಇರಬೇಕು. ಲೇಖಕ ತನ್ನ ಪುಸ್ತಕದ ಪೂರ್ತಿ ಹಕ್ಕನ್ನು ನಿಮಗೆ ಬರೆದುಕೊಟ್ಟಿರಲಿ, ನೀವು ಪೂರ್ತಿ ದುಡ್ಡು ಕೊಟ್ಟಿರಲಿ. ಆದರೂ ಎರಡು ಸಂಗತಿ ಅವನ ಹತ್ತಿರವೇ ಉಳಿಯುತ್ತವೆ. ಇದನ್ನು ಬರೆದವನು ನಾನು ಎಂದು ಹೇಳಿಕೊಳ್ಳುವ ಹಕ್ಕು. ತನ್ನ ಮರ್ಯಾದೆಗೆ ಕುಂದು ಬರುವ ಹಾಗೆ ಅದನ್ನು ತಿರುಚಿದರೆ ತಡೆಯುವ ಹಕ್ಕು. ಎಷ್ಟು ಪ್ರತಿ ಹಾಕಬೇಕು, ಬೆಲೆ ಎಷ್ಟು, ಎಲ್ಲಿ ಮಾರಬೇಕು, ಎಲ್ಲ ನಿಮ್ಮ ಇಷ್ಟ. ಮುಖಪುಟದಲ್ಲಿ ಲೇಖಕನ ಹೆಸರು ಅಳಿಸಿ ನಿಮ್ಮ ಹೆಸರು ಹಾಕಲು ಮಾತ್ರ ಆಗುವುದಿಲ್ಲ. ಅವನ ಪುಸ್ತಕದ ಅರ್ಧವನ್ನು ಇನ್ನೊಬ್ಬನ ಪುಸ್ತಕದ ಅರ್ಧಕ್ಕೆ ಹೊಲಿದು ಮೂರನೇ ಪುಸ್ತಕ ಮಾಡಲು ಆಗುವುದಿಲ್ಲ.

ನೀವು ಇದನ್ನು ಯಾವತ್ತೂ ಮಾಡಿದವರಲ್ಲ. ಒಮ್ಮೆ ಒಬ್ಬ ಲೇಖಕರ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿದ್ದಕ್ಕೆ ಬೈಂಡಿಂಗ್ ಆಗಿದ್ದ ಇನ್ನೂರು ಪ್ರತಿಯ ಮುಖಪುಟ ಕೀಳಿಸಿ ಮತ್ತೆ ಹಾಕಿಸಿದಿರಿ. ಆ ತಪ್ಪು ಬಿಟ್ಟವನು ನಾನೇ. ನೀವು ಬೈಯಲಿಲ್ಲ. "ಹೆಸರು ತಪ್ಪಬಾರದು ಮಾರಾಯ" ಎಂದಿರಿ, ಅಷ್ಟೇ.

ಈ ಕ್ಲಬ್ಬನ್ನು ಬರೆದದ್ದು ಈ ಊರು. ನಾನು ನಿಮ್ಮಲ್ಲಿ ಕೇಳುತ್ತಿರುವುದು ಅದೇ 57ನೇ ಕಲಂ, ಊರಿಗೋಸ್ಕರ. ಷೇರು ನಿಮ್ಮದಾಗಲಿ. ಹೆಸರು, ಅಂಗಿಯ ಬಣ್ಣ, ಮೈದಾನ, ಬೇರೆ ತಂಡದ ಜೊತೆ ಸೇರಿಸುವ ತೀರ್ಮಾನ ಊರಿನ ಹತ್ತಿರ ಉಳಿಯಲಿ.

ಪುಸ್ತಕದ ದುಡ್ಡಿನವರು ಊರಿಗೆ ಏನು ಮಾಡಬಹುದು ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಎದುರಿಗೆ ಉದಾಹರಣೆ ಇದೆ. ಸಾಗರ ತಾಲ್ಲೂಕಿನ ಹೆಗ್ಗೋಡು. ಕೆ.ವಿ. ಸುಬ್ಬಣ್ಣನವರು ಅಲ್ಲಿ ಅಕ್ಷರ ಪ್ರಕಾಶನ ನಡೆಸಿದರು. ಅಡಿಕೆ ಬೆಳೆಗಾರರ ಮನೆಯವರು. 1949ರಲ್ಲಿ ಊರವರು ಸೇರಿ ಶುರು ಮಾಡಿದ ನೀನಾಸಂ ಇವತ್ತಿಗೂ ಇದೆ. 1980ರಲ್ಲಿ ನಾಟಕ ಶಾಲೆ ಶುರುವಾಯಿತು. ಆಮೇಲೆ ಊರೂರು ಸುತ್ತಿ ನಾಟಕ ಆಡುವ ತಿರುಗಾಟ, ವರ್ಷಕ್ಕೊಮ್ಮೆ ಶಿಬಿರ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು 1991ರಲ್ಲಿ, ಮ್ಯಾಕ್ಸ್‌ವೆಲ್ ಸತ್ತ ಅದೇ ವರ್ಷ. ಸುಬ್ಬಣ್ಣನವರು 2005ರಲ್ಲಿ ತೀರಿಕೊಂಡರು. ಮುಂದಿನ ವರ್ಷವೂ ತಿರುಗಾಟ ಹೊರಟಿತು. ನಮ್ಮೂರಿನ ಸ್ಟೇಜಿಗೂ ಬಂತು, ನಾನೇ ಹೋಗಿ ನೋಡಿದೆ. ನೀನಾಸಂ ಎಂದರೆ ನೀಲಕಂಠೇಶ್ವರ ನಾಟ್ಯಸೇವಾ ಸಂಘ. ಊರ ದೇವರ ಹೆಸರು ಅದು. ಸುಬ್ಬಣ್ಣನವರ ಹೆಸರು ಬಾಗಿಲ ಮೇಲೆ ಬರೆದಿರಲಿಲ್ಲ. ಆದರೆ ಹೆಗ್ಗೋಡು ಎಂದರೆ ಯಾರ ನೆನಪು ಬರುತ್ತದೆ, ಹೇಳಿ.

ಭದ್ರಾವತಿ ಬಗ್ಗೆಯೂ ಒಂದು ಮಾತು. ಅಲ್ಲಿನ ತಂಡವನ್ನು ಸೇರಿಸಿಕೊಳ್ಳುವ ಮಾತು ನೀವು ಒಳ್ಳೆಯ ಮನಸ್ಸಿನಿಂದಲೇ ಎತ್ತಿರಬಹುದು. ಅಲ್ಲಿ ದುಡ್ಡಿಲ್ಲ, ಹುಡುಗರಲ್ಲಿ ಆಟ ಇದೆ. ಆದರೆ ಆ ಊರಿಗೆ ಏನು ಆಗಿದೆ ನೆನಪಿಸಿಕೊಳ್ಳಿ. 1936ರಲ್ಲಿ ಸ್ಥಾಪನೆಯಾದ ಮೈಸೂರು ಪೇಪರ್ ಮಿಲ್ಸ್ ಕಾಗದದಲ್ಲೇ ನಾವೆಲ್ಲ ಅಕ್ಷರ ತಿದ್ದಿದ್ದು. ನಿಮ್ಮ ಮೊದಲ ಗೈಡು ಅಚ್ಚಾದದ್ದೂ ಆ ಕಾಗದದಲ್ಲೇ. ರೀಮು ಬಿಚ್ಚಿದರೆ ಬರುವ ಆ ವಾಸನೆ ನನಗೆ ಇನ್ನೂ ಮೂಗಿನಲ್ಲಿದೆ. 2015-16ರ ಹೊತ್ತಿಗೆ ಆ ಯಂತ್ರಗಳು ನಿಂತವು. ಕಾರ್ಖಾನೆಯ ಜೊತೆ ಅಂಗಡಿ, ಶಾಲೆ, ಕ್ವಾರ್ಟರ್ಸ್ ಮೈದಾನದ ಸಂಜೆ, ಎಲ್ಲ ಬಡವಾಯಿತು. ಒಂದೇ ಕೈಯನ್ನು ನೆಚ್ಚಿಕೊಂಡ ಊರಿಗೆ ಆ ಕೈ ಹಿಂದೆ ಸರಿದರೆ ಏನಾಗುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವರ ಹತ್ತಿರ ಉಳಿದಿರುವ ಕೆಲವೇ ಸಂಗತಿಗಳಲ್ಲಿ ಆ ತಂಡದ ಹೆಸರೂ ಒಂದು. ಅದನ್ನು ನಮ್ಮ ಅನುಕೂಲಕ್ಕೆ ಅಳಿಸಬೇಡಿ. ಅವರ ವಿರುದ್ಧ ಆಡುವ ಆಟಕ್ಕೆ ಬರುವಷ್ಟು ಜನ ನಮ್ಮ ಬೇರೆ ಯಾವ ಆಟಕ್ಕೂ ಬರುವುದಿಲ್ಲ. ಇಪ್ಪತ್ತು ಕಿಲೋಮೀಟರ್ ದೂರದ ಎರಡು ಊರಿನ ಹುಡುಗರು ಮಳೆಯಲ್ಲಿ ಗುದ್ದಾಡಿ, ಆಮೇಲೆ ಒಂದೇ ಹೋಟೆಲಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂದು ಬಸ್ಸು ಹತ್ತುವುದೇ ಈ ಕಡೆಯ ಫುಟ್‌ಬಾಲ್. ಸೇರಿಸಿಬಿಟ್ಟರೆ ಯಾರ ವಿರುದ್ಧ ಆಡುವುದು?

ಇನ್ನು ಕಾಗದದಲ್ಲಿ ಏನು ಬರಬೇಕು ಎಂಬುದು. ನಾನು ವಕೀಲ ಅಲ್ಲ. ನಮ್ಮ ಕ್ಲಬ್ ಈಗ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ ಇರುವ ಸಂಘ. ಸಂಘಕ್ಕೆ ಒಡೆಯ ಇರುವುದಿಲ್ಲ, ಸದಸ್ಯರು ಇರುತ್ತಾರೆ. ಆ ಸಂಘವನ್ನು ಮುಚ್ಚಬೇಡಿ. ಅದು ಹಾಗೇ ಇರಲಿ. ತಂಡ ನಡೆಸುವ ಕಂಪನಿ ಬೇರೆ ಆಗಲಿ, ಅದು ನಿಮ್ಮದಾಗಲಿ. ಮೈದಾನದ ಗುತ್ತಿಗೆ ಸಂಘದ ಹೆಸರಿನಲ್ಲೇ ಮುಂದುವರಿದು ಕಂಪನಿಗೆ ಆಡಲು ಮಾತ್ರ ಹಕ್ಕು ಸಿಗಲಿ. ಕಂಪನಿಯಲ್ಲಿ ಸಂಘಕ್ಕೆ ಒಂದೇ ಒಂದು ವಿಶೇಷ ಷೇರು ಕೊಡಿ. ಅದಕ್ಕೆ ಲಾಭ ಬೇಡ. ಹೆಸರು, ಬಣ್ಣ, ಮೈದಾನ, ವಿಲೀನ ಈ ನಾಲ್ಕಕ್ಕೆ ಬೇಡ ಎನ್ನುವ ಹಕ್ಕು ಇದ್ದರೆ ಸಾಕು. ಜರ್ಮನಿಯಲ್ಲಿ ಇದಕ್ಕಿಂತ ಮುಂದೆ ಹೋಗಿದ್ದಾರೆ. ಅಲ್ಲಿ ಸಾಮಾನ್ಯವಾಗಿ ಕ್ಲಬ್ಬಿನ ಅರ್ಧಕ್ಕಿಂತ ಹೆಚ್ಚು ಮತ ಸದಸ್ಯರ ಸಂಘದ ಕೈಯಲ್ಲೇ ಇರಬೇಕು. ನಾನು ಅಷ್ಟು ಕೇಳುತ್ತಿಲ್ಲ.

ಎಲ್ಲಕ್ಕಿಂತ ಮುಖ್ಯವಾದ್ದು ಇನ್ನೊಂದು. ನಿಮ್ಮ ಕರಡಿನ ಏಳನೇ ಪುಟದಲ್ಲಿ ನೀವು ಹಾಕುವ ಹಣಕ್ಕೆ "ಮುಂಗಡ" ಎಂಬ ಪದ ಬಳಸಿದ್ದೀರಿ. ಕರಡು ತಿದ್ದುವವನ ಕಣ್ಣು ಅಲ್ಲೇ ನಿಂತಿತು. ಮುಂಗಡ ಎಂದರೆ ಸಾಲವೋ, ಬಂಡವಾಳವೋ? ಸಾಲ ಆದರೆ ನಿಮ್ಮ ಕಾಲಾನಂತರ ನಿಮ್ಮ ವಾರಸುದಾರರು ಅದನ್ನು ಕೇಳಬಹುದು, ನಿಮ್ಮ ಬ್ಯಾಂಕಿನವರು ಕೇಳಬಹುದು. ಮಕ್ಕಳ ಕ್ಲಬ್ ಎಲ್ಲಿಂದ ತಂದು ಕೊಡಬೇಕು? ಬಂಡವಾಳ ಎಂದೇ ಬರೆಯಿರಿ. ನೀವು ಇರುವಷ್ಟು ದಿನ ನನಗೆ ಚಿಂತೆ ಇಲ್ಲ. ನಮ್ಮಿಬ್ಬರಿಗೂ ಅರವತ್ತು ದಾಟಿತು. ಈ ಮಕ್ಕಳಿಗೆ ಹನ್ನೆರಡು.

ನಿಮ್ಮ ಹೆಸರು ಎಲ್ಲೂ ಬೇಡವೇ ಎಂದು ಕೇಳಬಹುದು. ಖಂಡಿತ ಬೇಕು. ಅಂಗಿಯ ಎದೆಯ ಮೇಲೆ ನಿಮ್ಮ ಪ್ರಕಾಶನದ ಹೆಸರು ಇರಲಿ. ಪುಸ್ತಕದಲ್ಲಿ ಪ್ರಕಾಶಕರ ಹೆಸರಿಗೆ ಒಂದು ಗೌರವದ ಜಾಗ ಇರುತ್ತದೆಯಲ್ಲ, ಹಾಗೆ. ಹುಡುಗಿಯರ ಕೋಣೆಗೆ ನಿಮ್ಮ ತಾಯಿಯ ಹೆಸರು ಇಡೋಣ. ಗೈಡಿನ ಬಂಡಲ್ ಕಟ್ಟಲು ಅವರು ತಮ್ಮ ಹಳೇ ಸೀರೆಯ ಅಂಚು ಹರಿದು ಕೊಟ್ಟಿದ್ದನ್ನು ನಾನು ನೋಡಿದ್ದೇನೆ.

ಮಹಾಸಭೆಗೆ ಇನ್ನೂ ಎರಡು ವಾರ ಇದೆ. ಅದಕ್ಕೆ ಮೊದಲು ಒಂದು ಭಾನುವಾರ ಮೈದಾನಕ್ಕೆ ಬನ್ನಿ. ಬೆಳಿಗ್ಗೆ ಆರಕ್ಕೆ ಬಂದರೆ ಅಜ್ಜ ಗೆರೆ ಎಳೆಯುತ್ತಿರುತ್ತಾರೆ, ಏಳಕ್ಕೆ ಮಕ್ಕಳ ಆಟ. ಒಪ್ಪಂದದ ಕರಡು ಜೊತೆಯಲ್ಲೇ ತನ್ನಿ. ಆಟ ಮುಗಿದ ಮೇಲೆ ಗೋಲ್ ಪೋಸ್ಟಿನ ಹಿಂದಿನ ಬೆಂಚಿನ ಮೇಲೆ ಕೂತು ಇಬ್ಬರೂ ಒಂದು ಸಲ ಪುಟ ಪುಟ ಓದೋಣ, ಆ ಕಾಲದಲ್ಲಿ ಓದುತ್ತಿದ್ದ ಹಾಗೆ. ನೀವು ಗಟ್ಟಿಯಾಗಿ ಓದಿ, ನಾನು ತಿದ್ದುತ್ತೇನೆ. ಕೆಂಪು ಪೆನ್ನು ನಾನು ತರುತ್ತೇನೆ.

ಇಂತಿ ನಿಮ್ಮ,
ಹಳೇ ಕರಡು ತಿದ್ದುವವ, ಕ್ಲಬ್ಬಿನ ಹಳೇ ಗೋಲಿ
ಶಿವಮೊಗ್ಗ